ಕಿರಣಚಿಕಿತ್ಸೆಯೂ ವೈದ್ಯರ ನಿರ್ಣಯವೂ

ಅರ್ಬುದ ರೋಗದ ಆಸ್ಪತ್ರೆಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಪಟ್ಟಣಗಳಲ್ಲಿ ಮೊದಲು ಕೇಳಬರುವದು ಯಂತ್ರದ ಮಾತು. ಇಷ್ಟು ಕೋಟಿ ರೂಪಾಯಿಯ ಯಂತ್ರ ಬಂದಿತು, ಇಂಥ ಮಂತ್ರಿಗಳು ಅದನ್ನು ಉದ್ಘಾಟಿಸಿದರು, ಇನ್ನು ಮೇಲೆ ರೋಗಿಗಳು ಪರಸ್ಥಳಕ್ಕೆ ಅಲೆಯುವ ಕಾರಣವಿಲ್ಲ ಎಂಬ ವಾರ್ತೆಯನ್ನು ಪತ್ರಿಕೆಗಳೂ ಸಂತೋಷದಿಂದಲೇ ಪ್ರಕಟಿಸುವವು. ಯಂತ್ರ ಬೇಡವೆನ್ನುವವರಾರು? ಆದರೆ ಯಂತ್ರದ ಗುಂಡಿಯನ್ನು ಒತ್ತುವ ಮೊದಲು, ಈ ರೋಗಿಗೆ ಕಿರಣ ಕೊಡಬೇಕೋ ಬೇಡವೋ, ಕೊಡುವದಾದರೆ ಎಷ್ಟು, ಎಷ್ಟು ದಿವಸಗಳಲ್ಲಿ, ಯಾವ ಔಷಧದೊಡನೆ, ಗುಣಪಡಿಸುವ ಉದ್ದೇಶದಿಂದಲೋ ನೋವನ್ನು ಇಳಿಸುವ ಉದ್ದೇಶದಿಂದಲೋ ಎಂಬುದನ್ನು ಕೆಲವರು ಕೂಡಿ ಕುಳಿತು ನಿಶ್ಚಯಿಸಬೇಕಾಗುವದು. ಆ ನಿಶ್ಚಯದ ವಿಷಯವಾಗಿ ಸಾರ್ವಜನಿಕರಲ್ಲಿ ಚರ್ಚೆಯೇ ನಡೆಯುವದಿಲ್ಲ. ಅದು ವೈದ್ಯರ ವಿದ್ಯೆ, ಅದರಲ್ಲಿ ಹೊರಗಿನವರಿಗೆ ಕೆಲಸವಿಲ್ಲವೆಂಬ ಭಾವನೆ ಬಲವಾಗಿದೆ. ಈ ಭಾವನೆಯಲ್ಲಿ ಅರ್ಧ ಮಾತ್ರ ಸತ್ಯವಿದೆಯೆಂದು ನಮ್ಮ ನಮ್ರ ಅಭಿಪ್ರಾಯ. ಉಳಿದ ಅರ್ಧವು ಸರಕಾರಕ್ಕೂ ಜಿಲ್ಲೆಯ ಅಧಿಕಾರಿಗಳಿಗೂ ಸೇರಿದ್ದೆಂಬುದನ್ನು ತೋರಿಸುವದಕ್ಕಾಗಿ ಗರ್ಭಕಂಠದ ಅರ್ಬುದವೊಂದನ್ನೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವೆವು.

ಈ ರೋಗವು ನಮ್ಮ ದೇಶದ ಸ್ತ್ರೀಯರಲ್ಲಿ ಸ್ತನದ ಅರ್ಬುದದ ತರುವಾಯ ಎರಡನೆಯ ಸ್ಥಾನದಲ್ಲಿರುವದು. ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯವರ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಇದಕ್ಕೆ ಈಡಾದವರು ಸುಮಾರು 1,27,000 ಮಂದಿ. ಮೃತರಾದವರು ಸುಮಾರು 80,000 ಮಂದಿ. ಒಂದು ವೈರಸ್ಸಿನಿಂದ ಹುಟ್ಟುವ, ಹತ್ತಾರು ವರ್ಷ ನಿಧಾನವಾಗಿ ಬೆಳೆಯುವ, ಲಸಿಕೆಯಿಂದಲೂ ತಪಾಸಣೆಯಿಂದಲೂ ಬಹುಮಟ್ಟಿಗೆ ತಡೆಯಬಹುದಾದ ರೋಗವಿದು. ತಡೆಯುವ ವಿಷಯವನ್ನು ಇನ್ನೊಂದು ಸಲ ಬರೆಯಬಹುದು. ಇಂದು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿರುವವರ ಗತಿಯೇನೆಂಬುದು ಈಗಿನ ಪ್ರಶ್ನೆ.

ಇಂಥವರಲ್ಲಿ ಒಬ್ಬಾಕೆಯನ್ನು ಕಲ್ಪಿಸಿಕೊಳ್ಳೋಣ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಕೂಲಿಯ ಹೆಣ್ಣುಮಗಳು, ವಯಸ್ಸು ನಲವತ್ತೆಂಟು. ಆರು ತಿಂಗಳಿಂದ ರಕ್ತಸ್ರಾವ. ಮುಟ್ಟು ನಿಲ್ಲುವ ಕಾಲದ ತೊಂದರೆಯೆಂದು ತಿಳಿದು ಸುಮ್ಮನಿದ್ದಳು. ಈಗ ನಡುನೋವು ಸೇರಿದೆ, ಕಾಲಿಗೆ ಬಾವು ಬಂದಿದೆ. ಪರೀಕ್ಷಿಸಿದ ವೈದ್ಯರಿಗೆ ಗಡ್ಡೆಯು ಗರ್ಭಕಂಠವನ್ನು ದಾಟಿ ಬಲಗಡೆಯ ಕಟಿಯ ಗೋಡೆಗೆ ತಗಲಿರುವದು ಕೈಗೆ ಹತ್ತಿತು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳಗಳೆರಡನ್ನೂ ಗಡ್ಡೆಯು ಅಮುಕಿರುವದರಿಂದ ಎರಡೂ ಮೂತ್ರಪಿಂಡಗಳು ಊದಿಕೊಂಡಿವೆ. ರಕ್ತದಲ್ಲಿ ಒಂದರ ಆಸುಪಾಸಿನಲ್ಲಿರಬೇಕಾದ ಕ್ರಿಯಾಟಿನೀನ್ ಮೂರನ್ನು ದಾಟಿದೆ. ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆ. ಶ್ವಾಸಕೋಶ, ಯಕೃತ್ತುಗಳಲ್ಲಿ ರೋಗದ ಸುಳಿವಿಲ್ಲ. ಪುಸ್ತಕದ ಲೆಕ್ಕದಲ್ಲಿ ಇದು ಮೂರನೆಯ ಹಂತದ ‘ಬಿ’ ವರ್ಗ. ನಮ್ಮ ದೊಡ್ಡ ಆಸ್ಪತ್ರೆಗಳ ವೈದ್ಯರಿಗೆ ಇಂಥ ರೋಗಿ ಅಪರೂಪವೇನೂ ಅಲ್ಲ.

ಇಲ್ಲಿಂದ ನಿರ್ಣಯಗಳ ಸರಣಿ ಮೊದಲಾಗುವದು. ಕಿರಣಕ್ಕಿಂತ ಮುಂಚೆ ಬರುವ ಪ್ರಶ್ನೆ ಮೂತ್ರಪಿಂಡದ್ದು. ಬೆನ್ನಿನ ಕಡೆಯಿಂದ ಸಣ್ಣ ಕೊಳವೆಯೊಂದನ್ನು ಮೂತ್ರಪಿಂಡಕ್ಕೆ ಇಳಿಸಿ ಮೂತ್ರವನ್ನು ಹೊರಗಿನ ಚೀಲಕ್ಕೆ ಹರಿಸಬಹುದು. ಒಂದೆರಡು ವಾರಗಳಲ್ಲಿ ರಕ್ತದ ವಿಷ ಇಳಿಯಬಹುದು. ಮೇಲ್ನೋಟಕ್ಕೆ ಇದರಲ್ಲಿ ಯೋಚಿಸುವದೇನಿದೆಯೆಂದು ತೋರುವದು. ಆದರೆ ರೋಗವು ಗುಣದ ಆಸೆಯನ್ನು ಮೀರಿದ್ದರೆ ಈ ಕೊಳವೆಯು ಆಕೆಯ ಆಯುಷ್ಯಕ್ಕೆ ಕೂಡಿಸುವ ದಿನಗಳು ಎಂಥ ದಿನಗಳು? ಮೂತ್ರಪಿಂಡ ನಿಂತು ಬರುವ ಮರಣವು ಹೆಚ್ಚು ಕಡಿಮೆ ಮಂಪರಿನಲ್ಲಿ ಬರುವದೆಂದು ಅನೇಕ ವೈದ್ಯರ ಅನುಭವ. ಅದನ್ನು ತಪ್ಪಿಸಿ, ಗಡ್ಡೆ ಕೊಳೆತು, ಮೂತ್ರಕೋಶ ತೂತಾಗಿ, ನರ ಹಿಂಡುವ ನೋವಿನ ಮರಣಕ್ಕೆ ಆಕೆಯನ್ನು ಒಪ್ಪಿಸಿದಂತಾಗಬಹುದು. ಆದುದರಿಂದ ಕೊಳವೆ ಹಾಕುವ ಮೊದಲೇ ಕೊನೆಯ ಉದ್ದೇಶ ನಿಶ್ಚಯವಾಗಬೇಕು. ನಾವು ಕಲ್ಪಿಸಿದ ಹೆಣ್ಣುಮಗಳಲ್ಲಿ ರೋಗವು ದೂರದ ಅವಯವಗಳಿಗೆ ಹೋಗಿಲ್ಲ, ಗುಣದ ಆಸೆಯಿದೆ, ಕೊಳವೆ ಹಾಕತಕ್ಕದ್ದೇ. ರಕ್ತ ಕೊಟ್ಟು ಹಿಮೋಗ್ಲೋಬಿನ್ನನ್ನು ಹತ್ತರ ಮೇಲಕ್ಕೆ ತರತಕ್ಕದ್ದು. ರಕ್ತಸ್ರಾವ ಹೆಚ್ಚಿದ್ದರೆ ಮೂತ್ರಪಿಂಡ ಪೂರ್ತಿ ಸುಧಾರಿಸುವವರೆಗೆ ಕಾಯದೆ ಕಿರಣವನ್ನು ಆರಂಭಿಸತಕ್ಕದ್ದು. ಕಿರಣವೇ ರಕ್ತವನ್ನು ಕಟ್ಟುವದು. ಇಷ್ಟನ್ನು ಹೇಳುವದಕ್ಕೆ ಕಿರಣವೈದ್ಯ, ಮೂತ್ರಪಿಂಡದ ವೈದ್ಯ, ಸ್ತ್ರೀರೋಗತಜ್ಞೆ ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತಿರಬೇಕಾಗುವದು.

ಶಸ್ತ್ರಕ್ರಿಯೆಯ ಮಾತನ್ನು ಮನೆಯವರು ತಪ್ಪದೆ ಕೇಳುವರು. ಗಡ್ಡೆಯಿದ್ದರೆ ಕೊಯ್ದು ತೆಗೆಯಬಾರದೇಕೆ? ಕಟಿಯ ಗೋಡೆಗೆ ಅಂಟಿದ ಗಡ್ಡೆಯನ್ನು ಪೂರ್ಣವಾಗಿ ತೆಗೆಯಲಾಗದು. ಉಳಿದ ಚೂರು ಮತ್ತೆ ಬೆಳೆಯುವದು. ಇದಕ್ಕಿಂತ ಚಿಕ್ಕದಾದ ರೋಗದಲ್ಲಿ ಸಹ, ಮೊದಲು ಔಷಧದಿಂದ ಗಡ್ಡೆಯನ್ನು ಕುಗ್ಗಿಸಿ ಆಮೇಲೆ ಕೊಯ್ಯುವದು ಮೇಲೋ, ಕಿರಣವನ್ನೂ ಔಷಧವನ್ನೂ ಕೂಡಿಸಿ ಕೊಡುವದು ಮೇಲೋ ಎಂಬ ವಾದವು ಬಹುಕಾಲ ನಡೆದಿತ್ತು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 633 ಸ್ತ್ರೀಯರಲ್ಲಿ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು: ಐದು ವರ್ಷಗಳ ತರುವಾಯ ರೋಗವಿಲ್ಲದೆ ಉಳಿದವರು ಶಸ್ತ್ರಕ್ರಿಯೆಯ ಪಕ್ಷದಲ್ಲಿ ನೂರಕ್ಕೆ 69.3, ಕಿರಣದ ಪಕ್ಷದಲ್ಲಿ 76.7. ವಾದವು ಬಹುಮಟ್ಟಿಗೆ ಅಲ್ಲಿಗೆ ತೀರಿತು.

ಇನ್ನು ಕಿರಣ. 1895ರಲ್ಲಿ ರಾಂಟ್ಜನ್ನರು ಕ್ಷಕಿರಣವನ್ನೂ 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನೂ ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ರೇಡಿಯಮ್ ತುಂಬಿದ ನಳಿಕೆಗಳನ್ನು ಗರ್ಭಕಂಠದೊಳಗೇ ಇರಿಸುವ ಪದ್ಧತಿ ಮೊದಲಾಯಿತು. 1938ರಲ್ಲಿ ಮ್ಯಾಂಚೆಸ್ಟರಿನ ಟಾಡ್ ಮತ್ತು ಮೆರೆಡಿತ್ ಎಂಬವರು ಗರ್ಭಕಂಠದಿಂದ ಎರಡು ಸೆಂಟಿಮೀಟರ ಮೇಲಕ್ಕೂ ಎರಡು ಸೆಂಟಿಮೀಟರ ಪಕ್ಕಕ್ಕೂ ಒಂದು ಬಿಂದುವನ್ನು ಗೊತ್ತುಮಾಡಿ, ಅಲ್ಲಿಗೆ ತಲಪುವ ಪ್ರಮಾಣವನ್ನೇ ಅಳತೆಯಾಗಿ ಇಟ್ಟರು. ಇಂದಿಗೂ ಆ ಬಿಂದುವಿನ ಹೆಸರು ಬಳಕೆಯಲ್ಲಿದೆ. ಈಗಿನ ಪದ್ಧತಿಯಂತೆ ಹೊರಗಿನಿಂದ ಐದು ವಾರಗಳಲ್ಲಿ 25 ಸಲಕ್ಕೆ ಹಂಚಿ ಸುಮಾರು 45 ಗ್ರೇ ಕಿರಣ ಕೊಡುವರು. ಗ್ರೇ ಎಂದರೆ ಒಂದು ಕಿಲೋಗ್ರಾಂ ಶರೀರಕ್ಕೆ ಒಂದು ಜೂಲ್ ಶಕ್ತಿ. 45 ಗ್ರೇಯಲ್ಲಿರುವ ಶಕ್ತಿಯಿಂದ ನೀರನ್ನು ಒಂದು ಡಿಗ್ರಿಯ ನೂರರಲ್ಲೊಂದು ಪಾಲಿನಷ್ಟು ಮಾತ್ರ ಬಿಸಿಮಾಡಬಹುದು; ಅಷ್ಟೇ ಶಕ್ತಿಯು ಜೀವಕೋಶದ ಒಳತಂತುಗಳನ್ನು ಕಡಿದುಹಾಕುವದೆಂಬುದು ಆಶ್ಚರ್ಯದ ಸಂಗತಿ. ಇದಾದ ಮೇಲೆ, ಅಥವಾ ಇದು ಮುಗಿಯುತ್ತ ಬಂದಾಗ, ಬ್ರಾಕಿಥೆರಪಿಯೆಂಬ ಒಳಚಿಕಿತ್ಸೆ. ರೇಡಿಯಮ್ಮಿನ ಸ್ಥಾನದಲ್ಲಿ ಈಗ ಇರಿಡಿಯಮ್ ಅಥವಾ ಕೋಬಾಲ್ಟಿನ ಕಣವೊಂದು ನಳಿಕೆಯಲ್ಲಿ ಸರಿದು ಬಂದು ಗಡ್ಡೆಯ ನಡುವೆ ಕೆಲವು ನಿಮಿಷ ನಿಂತು ಹೋಗುವದು. ಎರಡೂ ಕೂಡಿ ಗಡ್ಡೆಗೆ 85 ಗ್ರೇಗೆ ಸಮನಾದ ಪ್ರಮಾಣ ತಲಪಬೇಕು. ಮಗ್ಗುಲಲ್ಲಿಯೇ ಇರುವ ಮೂತ್ರಕೋಶದ ಅತಿ ಹೆಚ್ಚು ಕಿರಣ ಬೀಳುವ ಎರಡು ಘನ ಸೆಂಟಿಮೀಟರ ಭಾಗಕ್ಕೆ 90ನ್ನೂ, ಗುದನಾಳದ ಅಷ್ಟೇ ಭಾಗಕ್ಕೆ 75ನ್ನೂ ಮೀರಕೂಡದು. ಕಡಿಮೆಯಾದರೆ ರೋಗ ಮರಳುವದು. ಹೆಚ್ಚಾದರೆ ರೋಗ ಹೋಗಿಯೂ ಜನ್ಮವಿಡೀ ಮಲಮೂತ್ರದ ಬಾಧೆ ಉಳಿಯುವದು. ವೈದ್ಯರೂ ಭೌತವಿಜ್ಞಾನಿಗಳೂ ಅರ್ಧ ಸೆಂಟಿಮೀಟರಿಗಾಗಿ ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವದು ಈ ಕಾರಣದಿಂದ. ಎಂ.ಆರ್.ಐ. ಚಿತ್ರವನ್ನು ಮುಂದಿಟ್ಟುಕೊಂಡು ಹೀಗೆ ಮಾಡಿದ ಒಳಚಿಕಿತ್ಸೆಯ ಫಲವನ್ನು ಯುರೋಪಿನ ಆಸ್ಪತ್ರೆಗಳೂ ನಮ್ಮ ಟಾಟಾ ಆಸ್ಪತ್ರೆಯೂ ಸೇರಿ 2021ರಲ್ಲಿ ಪ್ರಕಟಿಸಿದವು. 1,341 ಸ್ತ್ರೀಯರಲ್ಲಿ ಐದು ವರ್ಷಗಳವರೆಗೆ ಮೂಲಸ್ಥಾನದಲ್ಲಿ ರೋಗ ಹತೋಟಿಯಲ್ಲಿದ್ದವರು ನೂರಕ್ಕೆ 92.

ಯಂತ್ರವ್ಯಾಮೋಹದ ಹಾನಿ ಕಾಣಬರುವದು ಇಲ್ಲಿಯೇ. ಒಳಚಿಕಿತ್ಸೆಗೆ ಕೈಚಳಕ ಬೇಕು, ಅರಿವಳಿಕೆ ಬೇಕು, ಶಸ್ತ್ರಕ್ರಿಯೆಯ ಕೋಣೆ ಬೇಕು. ಗಡ್ಡೆಯು ಬದಿಗೆ ಹಬ್ಬಿದ್ದರೆ ನಳಿಕೆಯ ಜೊತೆಗೆ ಸೂಜಿಗಳನ್ನೂ ಚುಚ್ಚಬೇಕು. ಹೊಸ ಲಿನಿಯರ್ ಆಕ್ಸಿಲರೇಟರ್ ಯಂತ್ರದಲ್ಲಾದರೆ ಹೊರಗಿನಿಂದಲೇ ಸೂಕ್ಷ್ಮವಾಗಿ ಗುರಿಯಿಟ್ಟು ಉಳಿದ ಪ್ರಮಾಣವನ್ನು ಮುಗಿಸಿಬಿಡಬಹುದೆಂಬ ಆಸೆ ಹುಟ್ಟುವದು ಸಹಜ. ಜಗತ್ತಿನಲ್ಲಿ ಯಂತ್ರಕ್ಕೆ ಕೊರತೆಯಿಲ್ಲದ ಅಮೇರಿಕೆಯಲ್ಲಿ ಏನಾಯಿತೆಂಬುದನ್ನು ನೋಡಿರಿ. ಅಲ್ಲಿಯ ಅರ್ಬುದ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ರೋಗಕ್ಕೆ ಕಿರಣ ಪಡೆದವರಲ್ಲಿ ಒಳಚಿಕಿತ್ಸೆಯೂ ದೊರೆತವರು 1988ರಲ್ಲಿ ನೂರಕ್ಕೆ 83 ಇದ್ದವರು 2009ಕ್ಕೆ 58ಕ್ಕೆ ಇಳಿದರು. ಸಮಾನ ಸ್ಥಿತಿಯ ರೋಗಿಗಳನ್ನು ಹೋಲಿಸಿದಾಗ ನಾಲ್ಕು ವರ್ಷ ಬದುಕಿದವರು ಒಳಚಿಕಿತ್ಸೆ ದೊರೆತಲ್ಲಿ ನೂರಕ್ಕೆ 58.2, ದೊರೆಯದಲ್ಲಿ 46.2. ನಮ್ಮ ಹೊಸ ಕೇಂದ್ರಗಳಿಗೆ ಯಂತ್ರವನ್ನು ಮಂಜೂರು ಮಾಡುವ ಅಧಿಕಾರಿಗಳು ಈ ಅಂಕಿಗಳನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ. ಇರಿಡಿಯಮ್ಮಿನ ಬಲ 74 ದಿನಗಳಿಗೆ ಅರ್ಧವಾಗುವದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಕಣವನ್ನು ತರಿಸಬೇಕು. ಕೋಬಾಲ್ಟಿನ ಬಲ ಅರ್ಧವಾಗುವದಕ್ಕೆ ಐದು ವರ್ಷಗಳ ಮೇಲೆ ಹಿಡಿಯುವದು. ಕಡತವು ಮೇಜಿನಿಂದ ಮೇಜಿಗೆ ನಿಧಾನವಾಗಿ ಸಾಗುವ ನಮ್ಮ ಕಚೇರಿಗಳ ಪದ್ಧತಿಯಲ್ಲಿ ಯಾವದು ಜಿಲ್ಲೆಗೆ ತಕ್ಕದ್ದೆಂಬುದನ್ನು ಹೇಳಲು ಭೌತವಿಜ್ಞಾನಿಯೇ ಬೇಕಾಗಿಲ್ಲ! ಹೊರಗಿನ ಕಿರಣಕ್ಕೆ ಭಾಭಾ ಅಣು ಸಂಶೋಧನ ಕೇಂದ್ರದವರು ರೂಪಿಸಿದ ‘ಭಾಭಾಟ್ರಾನ್’ ಎಂಬ ಕೋಬಾಲ್ಟ್ ಯಂತ್ರವಿದೆ. ಅದನ್ನು ತಯಾರಿಸಿದ್ದು ನಮ್ಮ ಬೆಂಗಳೂರಿನ ಸಂಸ್ಥೆಯೊಂದು. ಅದರ ಬಗ್ಗೆ ಅಭಿಮಾನ ಪಡಬೇಕಾದವರೇ ಅದನ್ನು ಹಳೆಯ ಕಾಲದ್ದೆಂದು ಮೂಗು ಮುರಿಯುವದುಂಟು.

ಕಿರಣದೊಡನೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಔಷಧವನ್ನು ಕೊಟ್ಟರೆ ಫಲ ಹೆಚ್ಚೆಂದು 1999ರಲ್ಲಿ ಅಮೇರಿಕೆಯವರು ಘೋಷಿಸಿದರು. ಆದರೆ ಪುಷ್ಟಿಯಿಲ್ಲದ, ರಕ್ತಹೀನರಾದ, ಮೂರನೆಯ ಹಂತದಲ್ಲಿ ಬರುವ ನಮ್ಮ ಸ್ತ್ರೀಯರಿಗೂ ಅದು ಸಲ್ಲುವದೋ? ಪರರ ಮಾತನ್ನು ಹಾಗೆಯೇ ನಂಬದೆ ಟಾಟಾ ಆಸ್ಪತ್ರೆಯವರು 2003ರಿಂದ 2011ರ ವರೆಗೆ ಮೂರನೆಯ ಹಂತದ ‘ಬಿ’ ವರ್ಗದ 850 ಮಂದಿಯನ್ನು ಎರಡು ಪಂಗಡ ಮಾಡಿ ಪರೀಕ್ಷಿಸಿದರು. 2018ರಲ್ಲಿ ಬಂದ ಉತ್ತರ: ಐದು ವರ್ಷ ಬದುಕಿದವರು ಬರೀ ಕಿರಣದಲ್ಲಿ ನೂರಕ್ಕೆ 46, ಔಷಧವೂ ಸೇರಿದಲ್ಲಿ 54. ಆ 850 ಮಂದಿ ಸ್ತ್ರೀಯರ ಋಣ ಈಗ ಜಗತ್ತಿನ ಎಲ್ಲ ಬಡದೇಶಗಳ ಹೆಣ್ಣುಮಕ್ಕಳ ಮೇಲಿದೆಯೆಂದರೆ ಅತಿಶಯೋಕ್ತಿಯಾಗದು.

ಹಾಗಿದ್ದರೂ ನಮ್ಮ ರಾಯಚೂರಿನ ಹೆಣ್ಣುಮಗಳಿಗೆ ಈ ಉತ್ತರವು ನೇರವಾಗಿ ಒದಗುವದಿಲ್ಲ. ಸಿಸ್ಪ್ಲಾಟಿನ್ ಮೂತ್ರಪಿಂಡಕ್ಕೆ ವಿಷ. ಅದನ್ನು ತಾಳಬಲ್ಲವರಲ್ಲಿ ನಡೆದ ಪರೀಕ್ಷೆಯ ಫಲವನ್ನು ತಾಳಲಾರದವರಿಗೆ ಹಚ್ಚುವದು ಹೇಗೆ? ಕೊಳವೆ ಹಾಕಿ, ಕ್ರಿಯಾಟಿನೀನ್ ಇಳಿದರೆ ಮೂರನೆಯ ವಾರದಿಂದಾದರೂ ಔಷಧವನ್ನು ಸೇರಿಸಬಹುದು. ಇಳಿಯದಿದ್ದರೆ ಕಾರ್ಬೋಪ್ಲಾಟಿನ್ನನ್ನು ಯೋಚಿಸಬಹುದು. ಅದಕ್ಕೆ ಅಷ್ಟು ಗಟ್ಟಿಯಾದ ಪ್ರಮಾಣವಿಲ್ಲ. ಅದೂ ಆಗದಿದ್ದರೆ ಔಷಧವಿಲ್ಲದೆ ಕಿರಣವನ್ನಷ್ಟೇ ನಿಷ್ಠೆಯಿಂದ ಪೂರ್ತಿ ಮಾಡಬೇಕು. ನೂರಕ್ಕೆ 46 ಎಂಬುದು ಸಣ್ಣ ಸಂಖ್ಯೆಯಲ್ಲ; ಔಷಧ ಕೊಡಲಾಗಲಿಲ್ಲವೆಂದು ಕೈಚೆಲ್ಲಿ ನೋವಿನ ಮಾತ್ರೆ ಬರೆದು ಕಳಿಸುವದು ಅನ್ಯಾಯ. ಇತ್ತೀಚೆಗೆ ಇನ್ನೆರಡು ಮಾರ್ಗಗಳು ಬಂದಿವೆ. ಕಿರಣಕ್ಕೆ ಮೊದಲು ಆರು ವಾರ ಎರಡು ಔಷಧಗಳನ್ನು ಕೊಟ್ಟ ಪರೀಕ್ಷೆಯೊಂದರಲ್ಲಿ, ಭಾರತವೂ ಪಾಲುಗೊಂಡಿದ್ದ 500 ರೋಗಿಗಳಲ್ಲಿ, ಐದು ವರ್ಷ ಬದುಕಿದವರು ನೂರಕ್ಕೆ 72ರಿಂದ 80ಕ್ಕೆ ಏರಿದರೆಂದು 2024ರಲ್ಲಿ ಪ್ರಕಟವಾಯಿತು. ಆದರೆ ಅವರಲ್ಲಿ ಬಹುಪಾಲು ಎರಡನೆಯ ಹಂತದವರು. ಪೆಂಬ್ರೊಲಿಜುಮಾಬ್ ಎಂಬ ದುಬಾರಿ ಔಷಧವನ್ನು ಸೇರಿಸಿದಾಗ ಮೂರು ವರ್ಷ ಬದುಕಿದವರು 74.8ರಿಂದ 82.6ಕ್ಕೆ ಏರಿದರೆಂಬುದೂ ಅದೇ ವರ್ಷದ ವಾರ್ತೆ. ರಕ್ತ ಸುರಿಸುತ್ತ ಬಂದ, ಮೂತ್ರಪಿಂಡ ಕೆಟ್ಟವಳನ್ನು ಹೊಸತೆಂಬ ಕಾರಣಕ್ಕೆ ಆರು ವಾರ ಕಿರಣವಿಲ್ಲದೆ ಕಾಯಿಸುವದು ವಿವೇಕವೆಂದು ನಮಗೆ ತೋರುವದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುವೆವು. ಹೊರಗಿನ ಕಿರಣದ ಮೊದಲ ದಿನದಿಂದ ಒಳಚಿಕಿತ್ಸೆಯ ಕೊನೆಯ ದಿನದ ವರೆಗೆ ಎಂಟು ವಾರ, ಅಂದರೆ 56 ದಿವಸಗಳಿಗೆ ಮೀರಕೂಡದೆಂಬುದು ಎಲ್ಲ ದೇಶಗಳ ವೈದ್ಯರು ಒಪ್ಪಿದ ನಿಯಮ. ಕಿರಣದ ಏಟಿಗೆ ಸಾಯದೆ ಉಳಿದ ಅರ್ಬುದಕೋಶಗಳು ಕೆಲವು ವಾರಗಳಾದ ಮೇಲೆ ಮೊದಲಿಗಿಂತ ವೇಗವಾಗಿ ಮರಿಮಾಡತೊಡಗುವವು. ಈ ಗಡುವು ಮೀರಿದ ಪ್ರತಿಯೊಂದು ದಿವಸಕ್ಕೂ ರೋಗ ಹತೋಟಿಗೆ ಬರುವ ಸಂಭವವು ನೂರಕ್ಕೆ ಅರ್ಧದಿಂದ ಒಂದರಷ್ಟು ಕಡಿಮೆಯಾಗುವದೆಂದು ಹಲವು ಆಸ್ಪತ್ರೆಗಳ ದಾಖಲೆಗಳಿಂದ ಕಂಡುಬಂದಿದೆ. ಹಾಗಾದರೆ ಲೆಕ್ಕ ಹಾಕಿರಿ. ಸಿಸ್ಪ್ಲಾಟಿನ್ನಿನಿಂದ ದೊರೆತ ಲಾಭ ನೂರಕ್ಕೆ ಎಂಟು. ಹತ್ತು ದಿವಸ ತಪ್ಪಿದರೆ ಆ ಲಾಭದ ಬಹುಭಾಗವು ಕೈಬಿಟ್ಟಂತೆಯೇ.

ದಿವಸಗಳು ತಪ್ಪುವದು ಯಾವ ಕಾರಣಗಳಿಂದ? ಯಂತ್ರ ಕೆಡುವದು, ಬಿಡಿಭಾಗ ಬರುವದು ತಡವಾಗುವದು, ಸಾಲು ರಜೆಗಳು ಬರುವವು, ಒಳಚಿಕಿತ್ಸೆಯ ಸರದಿ ಮೂರು ವಾರ ಮುಂದಕ್ಕೆ ಹೋಗುವದು. ಇವು ಆಸ್ಪತ್ರೆಯ ಕಾರಣಗಳು. ಕಿರಣ ಪಡೆಯುವವರಲ್ಲಿ ಹೆಚ್ಚಿನವರನ್ನು ಆಸ್ಪತ್ರೆಯೊಳಗೆ ಮಲಗಿಸುವದಿಲ್ಲ. ದಿನಕ್ಕೆ ಹದಿನೈದು ನಿಮಿಷದ ಚಿಕಿತ್ಸೆಗಾಗಿ ಅವರು ಹೊರಗೆ ವಾಸವಿದ್ದು ಬರಬೇಕು. ರಾಯಚೂರಿನಿಂದ ಬೆಂಗಳೂರಿಗೆ ಸುಮಾರು ನಾನೂರು ಕಿಲೋಮೀಟರು. ಎರಡು ತಿಂಗಳು ಕೋಣೆ ಬಾಡಿಗೆ, ಊಟ, ಜೊತೆಗೆ ಬಂದವರ ಕೂಲಿಯ ನಷ್ಟ ಇವೆಲ್ಲ ಸೇರಿ ನಾಲ್ಕನೆಯ ವಾರಕ್ಕೆ ಗಂಟು ಕರಗುವದು. ಅಷ್ಟರಲ್ಲಿ ರಕ್ತವೂ ನಿಂತಿರುವದು, ನೋವೂ ಇಳಿದಿರುವದು. ಗುಣವಾಯಿತೆಂದು ಊರಿಗೆ ಹೊರಟುಬಿಡುವರು. ಗಡ್ಡೆ ಕುಗ್ಗಿ ಒಳಚಿಕಿತ್ಸೆಗೆ ಹದವಾದ ಸಮಯ ಅದು! ವೈದ್ಯರ ಮಂಡಳಿಯು ಬರೆದ ಒಳ್ಳೆಯ ನಿರ್ಣಯವು ಬಸ್ ನಿಲ್ದಾಣದಲ್ಲಿ ರದ್ದಾಗುವದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಚಿಕಿತ್ಸೆಯ ವೆಚ್ಚದ ಭಾರವನ್ನು ಇಳಿಸಿದ್ದು ನಿಜ. ಕೆಲವು ದೊಡ್ಡ ಆಸ್ಪತ್ರೆಗಳ ಬಳಿಯಲ್ಲಿ ದಾನಿಗಳು ಧರ್ಮಶಾಲೆಗಳನ್ನು ಕಟ್ಟಿಸಿದ್ದಾರೆ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು ಕಲಬುರಗಿಯಲ್ಲಿ ಶಾಖೆ ತೆರೆದಿರುವದು. ಹುಬ್ಬಳ್ಳಿಯ ನವನಗರದಲ್ಲಿಯೂ ಅರ್ಬುದ ಚಿಕಿತ್ಸಾಲಯವಿದೆ. ಇವು ಹೆಚ್ಚಬೇಕು. ಆದರೆ ಸಣ್ಣ ಕೇಂದ್ರದಲ್ಲಿ ಒಬ್ಬರೇ ಕಿರಣವೈದ್ಯರಿದ್ದಾಗ ಮೇಲೆ ಹೇಳಿದ ಮೂರು ನಾಲ್ಕು ಶಾಸ್ತ್ರಗಳ ಭಾರ ಒಂದೇ ತಲೆಯ ಮೇಲೆ ಬೀಳುವದು. ಹೊರರೋಗಿಗಳ ಸಾಲು ಬಾಗಿಲಾಚೆ ನಿಂತಿರುವಾಗ ಅವರು ಎಷ್ಟು ಯೋಚಿಸಬಲ್ಲರು? 2012ರಲ್ಲಿ ಟಾಟಾ ಸಂಸ್ಥೆಯ ಮುಂದಾಳುತನದಲ್ಲಿ ಕಟ್ಟಿದ ರಾಷ್ಟ್ರೀಯ ಅರ್ಬುದ ಜಾಲದಲ್ಲಿ ಈಗ 300ಕ್ಕೂ ಹೆಚ್ಚು ಸಂಸ್ಥೆಗಳಿವೆ. ದೂರದ ವೈದ್ಯರು ತಮ್ಮ ಕಠಿನ ಪ್ರಕರಣವನ್ನು ತೆರೆಯ ಮೂಲಕ ಮಂಡಿಸಿ ಬೇರೆಬೇರೆ ಶಾಸ್ತ್ರದವರ ಅಭಿಪ್ರಾಯ ಪಡೆಯುವ ಏರ್ಪಾಡು ಅದರಲ್ಲಿದೆ. ಖರ್ಚು ಅಲ್ಪ, ಫಲ ಹಿರಿದು. ವಾರಕ್ಕೊಂದು ಮಧ್ಯಾಹ್ನವನ್ನು ಈ ಕೆಲಸಕ್ಕೆಂದೇ ಬಿಡುವು ಮಾಡಿಕೊಡುವದು ಆಸ್ಪತ್ರೆಯ ಮೇಲಧಿಕಾರಿಗಳ ಕರ್ತವ್ಯ.

ಗುಣದ ಆಸೆಯಿಲ್ಲದ ರೋಗಿಗಳ ವಿಷಯದಲ್ಲಿಯೂ ನಿರ್ಣಯವೆಂಬುದು ಇದೆ. ಅದನ್ನು ಕೈಬಿಡುವದೆಂದು ತಿಳಿಯಬಾರದು. ಎಲುಬಿಗೆ ಇಳಿದ ಅರ್ಬುದದ ನೋವಿಗೆ ಒಂದೇ ಸಲ 8 ಗ್ರೇ ಕೊಟ್ಟರೆ, ಎರಡು ವಾರ ಹಂಚಿ ಕೊಟ್ಟಷ್ಟೇ ಶಮನ ದೊರೆಯುವದೆಂದು ಅನೇಕ ಪರೀಕ್ಷೆಗಳಿಂದ ಸಿದ್ಧವಾಗಿದೆ. ಮತ್ತೊಮ್ಮೆ ಕೊಡಬೇಕಾಗುವ ಸಂಭವ ಸ್ವಲ್ಪ ಹೆಚ್ಚು, ಅಷ್ಟೇ. ದೂರದಿಂದ ಬಂದವರನ್ನು ಒಂದೇ ದಿನದಲ್ಲಿ ಉಪಚರಿಸಿ ಕಳಿಸಬಹುದಾದಾಗ ಹತ್ತು ದಿನ ನಿಲ್ಲಿಸುವದು ನ್ಯಾಯವೆನಿಸದು. ಮಾರ್ಫೀನಿನ ಮೇಲಿನ ಕಟ್ಟುಗಳನ್ನು 2014ರ ತಿದ್ದುಪಡಿಯಿಂದ ಸಡಿಲಿಸಿರುವರು. ಅದು ಜಿಲ್ಲಾ ಔಷಧಾಲಯದ ಕಪಾಟಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಜಿಲ್ಲಾಧಿಕಾರಿಗಳು ಒಮ್ಮೆ ತಾವೇ ಹೋಗಿ ನೋಡಬಹುದು.

ಇಷ್ಟೆಲ್ಲ ಚರ್ಚೆಯಲ್ಲಿ ಯಾರ ಶರೀರದ ಮಾತು ನಡೆದಿದೆಯೋ ಆಕೆಯ ಮಾತನ್ನು ಕೇಳುವರೋ? ಗಂಡ, ಅಣ್ಣ, ಮಗ ಇವರನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸುವದು ರೂಢಿ. ಸಹಿಯನ್ನು ಮಾತ್ರ ಆಕೆಯಿಂದ ತೆಗೆದುಕೊಳ್ಳುವರು. ಕಿರಣದಿಂದ ಮುಟ್ಟು ನಿಲ್ಲುವದು, ಯೋನಿಮಾರ್ಗ ಸಂಕೋಚಗೊಳ್ಳುವದು, ಕೆಲವರಿಗೆ ವರ್ಷಗಳ ತರುವಾಯ ಮಲದಲ್ಲಿ ರಕ್ತ ಕಾಣಿಸುವದು ಇವನ್ನೆಲ್ಲ ಆಕೆಗೆ ಆಕೆಯ ನುಡಿಯಲ್ಲಿ ಹೇಳುವವರು ಬೇಕು. ಹೆಣ್ಣು ವೈದ್ಯರೋ ದಾದಿಯೋ ಪಕ್ಕದಲ್ಲಿ ಕುಳಿತು, ‘ಅವ್ವಾ, ಬೆನ್ನಿಗೆ ನಳಿಗೆ ಹಾಕಬೇಕಾಗ್ತದ, ಎರಡು ತಿಂಗಳು ಇಲ್ಲೇ ಇರಬೇಕಾಗ್ತದ, ನಡುವೆ ಬಿಟ್ಟು ಹೋದರ ರೋಗ ತಿರುಗಿ ಬರ್ತದ’ ಎಂದು ನಿಧಾನವಾಗಿ ಹೇಳಿದರೆ ಆಕೆಗೆ ತಿಳಿಯದಿರುವ ವಿಷಯವೇನೂ ಇದರಲ್ಲಿಲ್ಲ. ಮನೆಯಲ್ಲಿ ಮಕ್ಕಳನ್ನು ಯಾರು ನೋಡುವರು, ದನಕ್ಕೆ ಯಾರು ಗತಿ ಎಂಬುದನ್ನು ಆಕೆಯೇ ಯೋಚಿಸಿ ಏರ್ಪಾಡು ಮಾಡಬಲ್ಲಳು; ಹಾಗೆ ಮಾಡಿ ನಿಂತವಳು ನಾಲ್ಕನೆಯ ವಾರದಲ್ಲಿ ಬಸ್ಸು ಹತ್ತುವದು ಅಪರೂಪ.

ಸರಕಾರದವರಿಂದ ನಾವು ಸದ್ಯಕ್ಕೆ ಕೇಳುವದು ದೊಡ್ಡದೇನೂ ಅಲ್ಲ. ಪ್ರತಿಯೊಂದು ಕಿರಣಚಿಕಿತ್ಸಾ ಕೇಂದ್ರದ ವಾರ್ಷಿಕ ವರದಿಯಲ್ಲಿ ಯಂತ್ರದ ಬೆಲೆಯ ಪಕ್ಕದಲ್ಲಿ ಇನ್ನು ಮೂರು ಅಂಕಣಗಳು ಬರಲಿ: ಗರ್ಭಕಂಠದ ಅರ್ಬುದಕ್ಕೆ ಗುಣದ ಉದ್ದೇಶದಿಂದ ಕಿರಣವನ್ನು ಆರಂಭಿಸಿದವರು ಎಷ್ಟು ಮಂದಿ, ಅವರಲ್ಲಿ ಒಳಚಿಕಿತ್ಸೆ ದೊರೆತವರು ಎಷ್ಟು ಮಂದಿ, 56 ದಿವಸಗಳೊಳಗೆ ಮುಗಿಸಿದವರು ಎಷ್ಟು ಮಂದಿ. ಮೂರನೆಯ ಅಂಕಣವು ಮೊದಲನೆಯದಕ್ಕಿಂತ ಬಹಳ ಕಡಿಮೆಯಿದ್ದಲ್ಲಿ, ಆ ಊರಿಗೆ ಬೇಕಾದದ್ದು ಧರ್ಮಶಾಲೆಯೋ, ಅರಿವಳಿಕೆಯ ವೈದ್ಯರೋ, ಶನಿವಾರವೂ ನಡೆಯುವ ಸರದಿಯೋ ಎಂಬುದು ತಾನಾಗಿಯೇ ಗೊತ್ತಾಗುವದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.